ತೂಕವಾಗುವ ಮೊದಲೇ ಹೊರಟ ಲಾರಿಗಳು

ಮೂವತ್ತೊಂಬತ್ತನೇ ವಯಸ್ಸಿಗೆ ನಿವೃತ್ತಳಾದೆ ಎಂದರೆ ಜನ ಇನ್ನೊಂದು ಸಲ ಮುಖ ನೋಡುತ್ತಾರೆ. ಕಂಪನಿ ಕೈ ಬದಲಾಯಿತು, ನಮ್ಮ ವಿಭಾಗ ಮುಚ್ಚಿತು, ನಾನು ಮನೆಗೆ ಬಂದೆ. ಇದಕ್ಕಿಂತ ಹೆಚ್ಚು ಹೇಳುವ ಅಭ್ಯಾಸ ನನಗಿಲ್ಲ. ಆದರೆ ಈಗ ಇದೇ ಕೆಲಸಕ್ಕೆ ಸೇರುತ್ತಿರುವ ನಾಲ್ಕಾರು ಹುಡುಗಿಯರು ಆಗಾಗ ಮನೆಗೆ ಬಂದು ಕೇಳುತ್ತಾರೆ. ಅವರಿಗೆ ಕಾಲೇಜಿನಲ್ಲಿ ಕ್ವೆರಿ ಬರೆಯುವುದನ್ನು ಚೆನ್ನಾಗಿಯೇ ಕಲಿಸಿದ್ದಾರೆ. ಕ್ವೆರಿ ಎಂದರೆ ಡೇಟಾಬೇಸಿಗೆ ಹಾಕುವ ಪ್ರಶ್ನೆ, ಅಷ್ಟೇ. ಸರಿಯಾದ ಪ್ರಶ್ನೆಗೂ ಉತ್ತರ ಬಾರದಿದ್ದರೆ ಯಾರ ಬಾಗಿಲು ತಟ್ಟಬೇಕು ಎನ್ನುವುದು ಯಾವ ಪುಸ್ತಕದಲ್ಲೂ ಇಲ್ಲವಂತೆ. ಇರಲಾರದು. ನನಗೆ ಸಿಕ್ಕ ಬಾಗಿಲಿನ ಎದುರು ಒಂದು ಟೀ ಅಂಗಡಿ ಇತ್ತು.

ಮೈಸೂರಿನಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ ಕೆಲಸಕ್ಕೆ ಸೇರಿದಾಗ ತೊಂಬತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಕಂಪನಿಯ ಹೆಸರು ಬೇಡ. ಚನ್ನರಾಯಪಟ್ಟಣದ ಹೊರಗೆ ತೆಂಗಿನಕಾಯಿ ತುರಿದು, ಒಣಗಿಸಿ, ಪುಡಿ ಮಾಡಿ ಮೂಟೆ ಕಟ್ಟುವ ಕಾರ್ಖಾನೆ. ಹೊಳೆನರಸೀಪುರ ಮತ್ತು ಅರಕಲಗೂಡಿನಲ್ಲಿ ಕಾಯಿ ಕೊಳ್ಳುವ ಡಿಪೋಗಳು. ಹಾಸನದಲ್ಲಿ ಮುಖ್ಯ ಕಚೇರಿ. ಕಚೇರಿಯ ಮಹಡಿಯ ಮೇಲೆ ಮೂರು ಜನರ ಕಂಪ್ಯೂಟರ್ ವಿಭಾಗ. ಅದರಲ್ಲಿ ನಾನೊಬ್ಬಳು. ನಮ್ಮ ಮನೆ ಹೊಳೆನರಸೀಪುರದ ದೇವಸ್ಥಾನದ ಬೀದಿಯಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು.

ವಿಭಾಗದ ಮುಖ್ಯಸ್ಥರು ಶೇಷಾದ್ರಿ ಸರ್. ಅವರ ಸಿದ್ಧಾಂತ ಒಂದೇ: "ಕಂಪ್ಯೂಟರ್ ತಪ್ಪು ಮಾಡಲ್ಲಮ್ಮ. ಅದು ನಮ್ಮ ತಪ್ಪನ್ನ ಬೇಗ ಮಾಡತ್ತೆ." ಇದಕ್ಕೆ ಸಾಕ್ಷಿ ಒದಗಿಸುವ ಭಾಗ್ಯ ಸೇರಿದ ಎರಡನೇ ತಿಂಗಳಿಗೇ ನನಗೆ ಸಿಕ್ಕಿತು.

ಯಾವ ಲಾರಿ ಯಾವ ಡಿಪೋಗೆ ಹೋಯಿತು ಎಂಬ ಪಟ್ಟಿ ಬೇಕಿತ್ತು. ಲಾರಿಗಳದ್ದೊಂದು ಕಡತ, ಡಿಪೋಗಳದ್ದೊಂದು ಕಡತ. ಎರಡನ್ನೂ ಸೇರಿಸುವಾಗ ಯಾವುದಕ್ಕೆ ಯಾವುದು ಎಂದು ಹೇಳುವ ಷರತ್ತೊಂದನ್ನು ಬರೆಯಬೇಕು. ನಾನು ಬರೆಯಲಿಲ್ಲ. ಪರಿಣಾಮವಾಗಿ ನಮ್ಮ ಪ್ರತಿಯೊಂದು ಲಾರಿಯೂ ಪ್ರತಿಯೊಂದು ಡಿಪೋಗೂ ಪ್ರತಿಯೊಂದು ದಿನವೂ ಹೋಯಿತು. ಪ್ರಿಂಟರಿಗೆ ಆಜ್ಞೆ ಕೊಟ್ಟು ನಾನು ಕಾಫಿಗೆ ಇಳಿದಿದ್ದೆ. ಮೇಲೆ ಬಂದಾಗ ತೂತಿನ ಅಂಚಿನ ಕಾಗದ ಮೇಜು ಇಳಿದು, ನೆಲ ದಾಟಿ, ಶೇಷಾದ್ರಿ ಸರ್ ಕಾಲಿನ ಹತ್ತಿರ ಮಡಿಕೆ ಹಾಕಿಕೊಳ್ಳುತ್ತಿತ್ತು. ಅವರು ಒಂದು ಹಾಳೆ ಎತ್ತಿ ಓದಿದರು.

"ನಮ್ಮ ಆರನೇ ನಂಬರ್ ಲಾರಿ ಒಂದೇ ದಿನ ಎಲ್ಲಾ ಊರಲ್ಲೂ ಇದೆ. ಇದನ್ನ ನಾವು ದೇವರಿಗೆ ಮಾತ್ರ ಹೇಳ್ತಿದ್ವಿ."

ಬೈಯಲಿಲ್ಲ. ಆ ಕಾಗದವನ್ನೆಲ್ಲ ಕತ್ತರಿಸಿ, ಬರೆಯದ ಬದಿ ಮೇಲಾಗುವಂತೆ ಪ್ಯಾಡು ಹೊಲಿಸಿ ಕಚೇರಿಗೆಲ್ಲ ಹಂಚಿದರು. ಮುಂದಿನ ಎಷ್ಟೋ ವರ್ಷ ನಾನು ಯಾವುದೇ ಟಿಪ್ಪಣಿ ಬರೆದರೂ ಅದರ ಬೆನ್ನ ಮೇಲೆ ನನ್ನ ತಪ್ಪು ಇರುತ್ತಿತ್ತು. ಇದಕ್ಕಿಂತ ಒಳ್ಳೆಯ ಶಿಕ್ಷೆಯನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ.

ಆಗಿನ್ನೂ ಊರುಗಳ ನಡುವೆ ಕಂಪ್ಯೂಟರ್ ಜೋಡಿಸುವ ಲೈನು ಇರಲಿಲ್ಲ. ಡಿಪೋಗಳ ಮಾಹಿತಿ ಫ್ಲಾಪಿಯಲ್ಲಿ, ಫ್ಲಾಪಿ ಲಕೋಟೆಯಲ್ಲಿ, ಲಕೋಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬರುತ್ತಿತ್ತು. ಒಂದು ಸಲ ಅರಕಲಗೂಡಿನ ಫ್ಲಾಪಿ ಓದುತ್ತಲೇ ಇಲ್ಲ. ಫೋನ್ ಮಾಡಿದೆ. ಅಲ್ಲಿನ ಗುಮಾಸ್ತ ಜವರಪ್ಪನವರು ನಿರಾಳವಾಗಿ ಹೇಳಿದರು: "ಏನೂ ಆಗಿಲ್ವಲ್ಲ ಮೇಡಂ. ನೆನ್ನೆ ಆಯುಧಪೂಜೆ ಅಲ್ವಾ, ಚೆನ್ನಾಗಿ ಪೂಜೆ ಮಾಡೇ ಕಳ್ಸಿವ್ನಿ." ಲೋಹದ ಮುಚ್ಚಳ ಸರಿಸಿ ನೋಡಿದರೆ ಒಳಗೆ ಕುಂಕುಮ. ಮುಂದಿನ ವರ್ಷದಿಂದ ಆಯುಧಪೂಜೆಗೆ ಮುಂಚೆ ಮೂರೂ ಊರಿಗೆ ಒಂದೊಂದು ಖಾಲಿ ಫ್ಲಾಪಿ ಕಳಿಸುವ ಪದ್ಧತಿ ಇಟ್ಟೆ. ಪೂಜೆಗೆ ಅದು, ಕೆಲಸಕ್ಕೆ ಇದು. ನನ್ನ ವೃತ್ತಿಯ ಮೊದಲ ಯಶಸ್ವಿ ಪರಿಹಾರ ಇದೇ. ಆಗ ಅದರ ಬೆಲೆ ನನಗೆ ಗೊತ್ತಿರಲಿಲ್ಲ.

ಆಮೇಲೆ ಹೊಸ ಶತಮಾನ ಬಂತು. ಫೋನ್ ಲೈನ್ ಮೇಲೆ ನಾಲ್ಕೂ ಊರುಗಳನ್ನು ಜೋಡಿಸಿದ ದೊಡ್ಡ ಸಾಫ್ಟ್‌ವೇರ್ ಬಂತು. ಜೊತೆಗೆ ಬೆಂಗಳೂರಿನಿಂದ ಹೊಸ ಮ್ಯಾನೇಜರ್ ಮೋಹನ್ ಸರ್ ಬಂದರು. ಎಲ್ಲದಕ್ಕೂ ನಿಮಿಷ ಬೇಕು ಅವರಿಗೆ. ಲಾರಿ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಗೇಟು ದಾಟಿತು ಎಂಬುದು ಗೇಟ್ ಚೀಟಿಯ ಮೇಲೆ ಅಚ್ಚಾಗಲೇಬೇಕು ಎಂದರು. ಅಲ್ಲಿಯವರೆಗೆ ಕಾರ್ಖಾನೆಯ ಗೇಟಿನಲ್ಲಿ ಪುಟ್ಟಸ್ವಾಮಣ್ಣ ಎನ್ನುವವರು ಕೈಯಲ್ಲೇ ಚೀಟಿ ಬರೆಯುತ್ತಿದ್ದರು. ಐವತ್ತಾರು ದಾಟಿದವರು, ದುದ್ದದ ಕಡೆಯವರು. ಅವರ ಮೇಜಿನ ಮೇಲೂ ಒಂದು ಕಂಪ್ಯೂಟರ್ ಬಂತು. ಒಂದೇ ಬೆರಳಿನಲ್ಲಿ, ಪ್ರತಿ ಅಕ್ಷರವನ್ನೂ ಗುದ್ದಿ ಗುದ್ದಿ ಕಲಿತರು.

ಒಂದು ತಿಂಗಳು ಚೆನ್ನಾಗಿ ನಡೆಯಿತು. ಆಮೇಲೆ ಶುರುವಾಯಿತು.

ದಿನಕ್ಕೊಂದು ಸಲ, ಕೆಲವೊಮ್ಮೆ ಎರಡು ಸಲ, ನಾಲ್ಕೂ ಊರಿನ ಪರದೆಗಳು ಒಟ್ಟಿಗೆ ನಿಂತುಬಿಡುತ್ತಿದ್ದವು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು: ಇಂಟರ್ನಲ್ ಕ್ವೆರಿ ಎರರ್, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ. ಕೂಡಲೇ ಅರಕಲಗೂಡಿನಿಂದ ಫೋನು.

"ಮೇಡಂ, ಅಡ್ಮಿನಿಸ್ಟ್ರೇಟರ್‌ನ ಕರೀರಿ ಅಂತ ಬತ್ತೈತೆ. ಅವ್ರ ನಂಬರ್ ಕೊಡಿ."

"ನಾನೇ ಜವರಪ್ಪನವರೇ."

"ನೀವು ಕ್ವೆರಿ ಮೇಡಂ ಅಲ್ವಾ? ದೊಡ್ಡೋರ್ನ ಕೊಡಿ ಮೇಡಂ, ಇಲ್ಲಿ ಕಾಯಿ ಗಾಡಿ ಸಾಲು ನಿಂತವೆ."

ಏನಾಗುತ್ತಿತ್ತು ಎಂದು ಸರಳವಾಗಿ ಹೇಳುತ್ತೇನೆ. ಕಾರ್ಖಾನೆಯಲ್ಲಿ ಮೂಟೆ ತುಂಬಿದ ಲಾರಿ ಮೊದಲು ತೂಕದ ಸೇತುವೆಯ ಮೇಲೆ ನಿಲ್ಲುತ್ತದೆ. ಅಲ್ಲೊಂದು ಕಂಪ್ಯೂಟರ್ ತೂಕವನ್ನೂ ಸಮಯವನ್ನೂ ದಾಖಲಿಸುತ್ತದೆ. ಆಮೇಲೆ ಲಾರಿ ಗೇಟಿಗೆ ಬಂದು ಚೀಟಿ ಪಡೆದು ಹೊರಡುತ್ತದೆ. ಚೀಟಿ ಅಚ್ಚಾದ ಮರುಕ್ಷಣ ಸಾಫ್ಟ್‌ವೇರ್ ತನ್ನೊಳಗೇ ನಾನು ಬರೆದಿಟ್ಟ ಒಂದು ಪ್ರಶ್ನೆ ಕೇಳಿಕೊಳ್ಳುತ್ತದೆ: ಈ ಚೀಟಿಗಿಂತ ಮುಂಚೆ ಇವತ್ತು ಈ ಲಾರಿ ಯಾವಾಗ ತೂಕವಾಯಿತು? ಉತ್ತರ ಬಂದರೆ ಮುಂದಿನ ಕೆಲಸ. ಬಾರದಿದ್ದರೆ ಅಲ್ಲೇ ಕೈಕಟ್ಟಿ ನಿಲ್ಲುತ್ತದೆ; ಹಿಂದಿರುವವರನ್ನೂ ನಿಲ್ಲಿಸುತ್ತದೆ. ತೂಕವಾಗದೆ ಯಾವ ಲಾರಿಯೂ ಗೇಟಿಗೆ ಬರುವುದೇ ಇಲ್ಲ. ಆದರೂ ಉತ್ತರ ಬರುತ್ತಿರಲಿಲ್ಲ. ತಪ್ಪಾದ ಆ ಚೀಟಿಯ ದಾಖಲೆ ಉಳಿದಿದ್ದರೆ ನೋಡಬಹುದಿತ್ತು, ಆದರೆ ದೋಷ ಬಂದೊಡನೆ ಸಾಫ್ಟ್‌ವೇರ್ ಅದನ್ನು ತಾನೇ ಒರೆಸಿಹಾಕುತ್ತಿತ್ತು. ನನಗೆ ಸಿಗುತ್ತಿದ್ದುದು ನಿಂತುಹೋದ ದಿನ ಮತ್ತು ಸಮಯ ಮಾತ್ರ.

ನಾನು ಎಲ್ಲರ ಮೇಲೂ ಸಂಶಯಪಟ್ಟೆ. ಕರೆಂಟು, ಫೋನ್ ಲೈನು, ಕಾರ್ಖಾನೆಯಲ್ಲಿ ಹಾರುವ ತೆಂಗಿನ ನಾರಿನ ಧೂಳು, ನನ್ನ ಸ್ವಂತ ಕ್ವೆರಿ. ನೂರು ಸಲ ಓದಿದೆ. ಹಾಸನದಲ್ಲಿ ಕೂತು ಎಷ್ಟು ಸಲ ಪರೀಕ್ಷಿಸಿದರೂ ಉತ್ತರ ಬರುತ್ತಿತ್ತು. ಚನ್ನರಾಯಪಟ್ಟಣಕ್ಕೆ ಹೋಗಿ ಗೇಟಿನ ಕೋಣೆಯಲ್ಲೇ ಕುಳಿತೆ. ಪುಟ್ಟಸ್ವಾಮಣ್ಣ ನನ್ನನ್ನು ಬೀಗಿತ್ತಿಯ ಹಾಗೆ ನೋಡಿಕೊಂಡರು.

"ಬನ್ನಿ ಮೇಡಂ, ಕೂತ್ಕಳಿ ಮೇಡಂ. ಎಳ್ನೀರ್ ಕೆತ್ತುಸ್ಲಾ? ಗಂಜಿ ಇರೋದಾ, ಬರೀ ನೀರಾ?"

ಮೂರು ದಿನ ಹೋದೆ. ಮೂರು ದಿನವೂ ಒಂದು ದೋಷವೂ ಬರಲಿಲ್ಲ. ಎಳನೀರು ಮಾತ್ರ ಬಂತು. ಆದರೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ಲಾರಿ ಚಾಲಕರು ಸಾಲಾಗಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಅವರಲ್ಲಿ ಬೋರಣ್ಣ ಎಂಬಾತ, ವಾರಕ್ಕೆ ಎರಡು ಸಲ ಶಿರಾಡಿ ಘಾಟಿ ಇಳಿದು ಮಂಗಳೂರು ಬಂದರಿಗೆ ಹೋಗುವವನು, ಒಮ್ಮೆ ಬಾಗಿಲಿಗೇ ಬಂದು ಕೇಳಿದ.

"ಮೇಡಂ, ಎಷ್ಟೊತ್ಗೆ ಓಯ್ತೀರಿ?"

"ಯಾಕೆ?"

"ಸುಮ್ನೆ. ನೀವು ಹೊಂಟ್ರೆ ನಾವೂ ಹೊಂಡ್ತೀವಿ."

"ಏಯ್, ಓಗ್ಲಾ ಅತ್ಲಾಗೆ!" ಎಂದು ಪುಟ್ಟಸ್ವಾಮಣ್ಣ ಅವನನ್ನು ಗದರಿಸಿ ಓಡಿಸಿದರು. ನಾನು ಇದನ್ನು ಒರಟು ಮಾತೆಂದುಕೊಂಡೆ. ಅದೊಂದು ತಾಂತ್ರಿಕ ಮಾಹಿತಿಯಾಗಿತ್ತು. ಹುಡುಗಿಯರೇ, ನಿಮ್ಮನ್ನು ಯಾರಾದರೂ ಯಾವಾಗ ಹೋಗುತ್ತೀರಿ ಎಂದು ಕೇಳಿದರೆ ಸಿಟ್ಟಾಗಬೇಡಿ, ಬರೆದಿಟ್ಟುಕೊಳ್ಳಿ.

ಒಂದು ಸೋಮವಾರ ಮೋಹನ್ ಸರ್ ಶೇಷಾದ್ರಿ ಸರ್ ಅವರನ್ನೂ ನನ್ನನ್ನೂ ಕರೆದರು. ಧ್ವನಿ ಏರಿಸುವವರಲ್ಲ, ಅದೇ ಭಯ.

"ಇದು ಪ್ರೋಗ್ರಾಮಿನ ತಪ್ಪೋ, ಮನುಷ್ಯರ ತಪ್ಪೋ, ಎರಡರಲ್ಲಿ ಒಂದು. ಪ್ರೋಗ್ರಾಮಿನದ್ದಾದರೆ ನಿಮ್ಮ ವಿಭಾಗ ಮುಚ್ಚಿ ಕೆಲಸ ಬೆಂಗಳೂರಿನವರಿಗೆ ಕೊಡ್ತೀನಿ. ಮನುಷ್ಯರದ್ದಾದರೆ ಆ ಮನುಷ್ಯ ಮನೆಗೆ ಹೋಗ್ತಾನೆ. ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ನನಗೆ ಹೆಸರು ಬೇಕು."

ಬುಧವಾರ ಸಂಜೆ ಮನೆಯ ಪಡಸಾಲೆಯಲ್ಲಿ ಕುಳಿತು, ಅದೇ ಹಳೆಯ ಪ್ಯಾಡಿನ ಮೇಲೆ, ಮೂರು ವಾರದ ದೋಷಗಳನ್ನು ವಾರದ ಪ್ರಕಾರ ಜೋಡಿಸಿ ಬರೆದೆ. ಸೋಮವಾರ: ಏಳು ಐವತ್ತು, ಎಂಟೂ ಹತ್ತು, ಎಂಟೂ ನಲವತ್ತು. ಮಂಗಳವಾರ: ಮೂರೂ ಇಪ್ಪತ್ತು, ನಾಲ್ಕು ಗಂಟೆ. ಬುಧವಾರ: ಹನ್ನೆರಡೂ ಮುಕ್ಕಾಲು. ಹೀಗೆ. ಭಾನುವಾರ ಕಾರ್ಖಾನೆಗೆ ರಜೆ. ಸರಾಸರಿ ತೆಗೆದೆ, ಅಂತರ ತೆಗೆದೆ, ಗ್ರಾಫ್ ಬರೆದೆ. ಎಂ.ಎಸ್ಸಿ.ಯಲ್ಲಿ ಕಲಿತದ್ದೆಲ್ಲ ಮುಗಿಯಿತು.

ನಮ್ಮ ಮನೆಯಲ್ಲಿ ಅಪ್ಪನ ಅಕ್ಕ ಇದ್ದರು, ಸುಬ್ಬತ್ತೆ. ದೇವರ ಮುಂದೆ ದೀಪ ಹಚ್ಚಿ ಬಂದವರು ಕನ್ನಡಕ ಏರಿಸಿಕೊಂಡು ನನ್ನ ಭುಜದ ಮೇಲಿನಿಂದ ಇಣುಕಿದರು.

"ಇದೇನೇ, ರಾಹುಕಾಲದ ಪಟ್ಟಿ ಬರ್ಕೊಂಡು ಕೂತಿದೀಯ? ಅಡುಗೆಮನೆ ಕ್ಯಾಲೆಂಡರಲ್ಲಿ ಅಚ್ಚು ಹಾಕಿದಾರಲ್ಲ, ಸಾಲದೇ?"

ನಾನು ತಿರುಗಿ ನೋಡಿದೆ.

"ನೋಡು, ಸೋಮವಾರ ಏಳೂವರೆಯಿಂದ ಒಂಬತ್ತು. ಮಂಗಳವಾರ ಮೂರರಿಂದ ನಾಲ್ಕೂವರೆ. ಬುಧವಾರ ಹನ್ನೆರಡರಿಂದ ಒಂದೂವರೆ. ಎಲ್ಲಾ ಅದರೊಳಗೇ ಇದೆ. ಯಮಗಂಡ ಬಿಟ್ಟಿದೀಯಲ್ಲ, ಅದನ್ನೂ ಬರಿ. ಬರೆಯೋದು ಬರೀತೀಯ, ಪೂರ್ತಿ ಬರಿ."

ನನ್ನ ಮೂರು ವಾರದ ಕೆಲಸ ಅತ್ತೆಗೆ ಕನ್ನಡಕ ಏರಿಸುವಷ್ಟು ಹೊತ್ತಿನದಾಗಿತ್ತು. ಶನಿವಾರ ಒಂಬತ್ತೂವರೆಗೆ ಮೀಟಿಂಗ್ ಎಂದು ಹೇಳಿದೆ. "ಸರಿಹೋಯ್ತು," ಎಂದರು. "ಒಂಬತ್ತರಿಂದ ಹತ್ತೂವರೆ. ಆ ಮನುಷ್ಯನಿಗೆ ಹೇಳೋರು ಕೇಳೋರು ಯಾರೂ ಇಲ್ವೇನು?"

ಗುರುವಾರ ನಾನು ಹಾಸನದ ಬಸ್ಸು ಹತ್ತಲಿಲ್ಲ. ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಕಾರ್ಖಾನೆಯೊಳಗೂ ಹೋಗಲಿಲ್ಲ. ಗುರುವಾರದ ರಾಹುಕಾಲ ಒಂದೂವರೆಗೆ ಶುರು. ಒಂದೂ ಕಾಲಿಗೆ ಟೀ ಅಂಗಡಿಯ ಒಳಬೆಂಚಿನ ಮೂಲೆಯಲ್ಲಿ, ಬಾಳೆಗೊನೆಯ ಹಿಂದೆ ಕುಳಿತೆ. ಜೀವಮಾನದಲ್ಲಿ ನಾನು ಒಬ್ಬಳೇ ಟೀ ಅಂಗಡಿಯಲ್ಲಿ ಕುಳಿತದ್ದು ಅದೊಂದೇ ಸಲ. ಅಂಗಡಿಯವನು ಕೇಳದೆಯೇ ಸಕ್ಕರೆ ಜಾಸ್ತಿ ಹಾಕಿದ.

ಒಂದು ಐವತ್ತಕ್ಕೆ ಬೋರಣ್ಣನ ಲಾರಿ ಗೇಟಿಗೆ ಬಂತು. ಪುಟ್ಟಸ್ವಾಮಣ್ಣ ಚೀಟಿ ಕೊಟ್ಟರು. ಬೋರಣ್ಣ ಅದರ ಮೇಲಿನ ಸಮಯ ನೋಡಿ, ಕಣ್ಣಿಗೊತ್ತಿಕೊಂಡು, ಸ್ಟೀರಿಂಗಿನ ಮುಂದಿದ್ದ ದೇವರ ಪಟಕ್ಕೆ ಸಿಕ್ಕಿಸಿದ. ನಾನು ರಸ್ತೆ ದಾಟಿ ಲಾರಿಯ ಬಾಗಿಲ ಹತ್ತಿರ ನಿಂತೆ.

"ಬೋರಣ್ಣ, ಆ ಚೀಟಿ ಸ್ವಲ್ಪ ಕೊಡಿ."

ಅವನು ಅದನ್ನು ಪಟದಿಂದ ತೆಗೆದು ಕೊಟ್ಟ. ಚೀಟಿಯ ಮೇಲೆ ಒಂದೂ ಇಪ್ಪತ್ತೆರಡು. ನನ್ನ ಕೈಗಡಿಯಾರದಲ್ಲಿ ಒಂದು ಐವತ್ಮೂರು. ಚೀಟಿ ಹಿಡಿದು ಗೇಟಿನ ಕೋಣೆಗೆ ಹೋದೆ. ಅಷ್ಟರಲ್ಲಿ ಅಲ್ಲಿನ ಪರದೆಯ ಮೇಲೆ ನನಗೆ ಚಿರಪರಿಚಿತವಾದ ಆ ಸಾಲು ಮೂಡಿತ್ತು. ಅರಕಲಗೂಡಿನಲ್ಲಿ ಜವರಪ್ಪನವರು ಈಗಾಗಲೇ ಫೋನ್ ಎತ್ತಿಕೊಂಡಿರಬೇಕು.

ಪುಟ್ಟಸ್ವಾಮಣ್ಣ ಎದ್ದು ನಿಂತರು. ಎಳನೀರಿನ ಮಾತೆತ್ತಲಿಲ್ಲ.

"ಗಡಿಯಾರ ಹಿಂದಕ್ಕೆ ಇಟ್ರಾ?" ಎಂದು ಕೇಳಿದೆ.

"ಇಟ್ಟೆ ಮೇಡಂ. ಚೀಟಿ ಬಂದ್ಮೇಲೆ ಮುಂದಕ್ಕೂ ಇಡ್ತೀನಿ. ಯಾರ್ಗೂ ಮೋಸ ಮಾಡಿಲ್ಲ."

ನನ್ನ ಹಿಂದೆಯೇ ಬಂದಿದ್ದ ಬೋರಣ್ಣ ಬಾಗಿಲಲ್ಲಿ ನಿಂತು ಹೇಳಿದ: "ರಾಹುಕಾಲ್ದಾಗೆ ಬರ್ದಿರೋ ಚೀಟಿ ಮಡಿಕ್ಕಂಡು ಘಾಟಿ ಇಳೀಲಾ ಮೇಡಂ? ಎದುರ್ಗಡೆಯಿಂದ ಟ್ಯಾಂಕರ್ ಬತ್ತವೆ. ನಂಗೂ ಎಂಡ್ರು ಮಕ್ಳು ಅವ್ರೆ. ಅಣ್ಣ ಕೈಲಿ ಬರೀವಾಗ ಕೇಳ್ದಂಗೇ ಬರ್ಕೊಡೋನು. ಈ ಮಿಸೀನು ಬಂದು ನಮ್ಮ ಹೊಟ್ಟೆ ಮ್ಯಾಲೆ ಕಲ್ಲಾಕ್ತು."

"ಸುಮ್ಕಿರ್ಲಾ," ಎಂದರು ಪುಟ್ಟಸ್ವಾಮಣ್ಣ. ನನ್ನ ಕಡೆ ತಿರುಗಿ, "ಇಲ್ಲಾಂದ್ರೆ ಒಂದೂವರೆ ಗಂಟೆ ಲಾರಿ ತೆಗೆಯಾಕಿಲ್ಲ ಮೇಡಂ ಇವ್ರು. ಮ್ಯಾನೇಜರ್ ಸಾಯೇಬ್ರು ತಡ ಯಾಕೆ ಅಂತ ನನ್ನ ಕೇಳ್ತಾರೆ. ನಾನೇನ್ ಮಾಡ್ಲಿ?"

"ನಾನಿದ್ದ ಮೂರು ದಿನ?"

"ನಿಮ್ ಮುಂದೆ ಎಂಗ್ ಮಾಡದು ಮೇಡಂ? ಇವ್ರಿಗೆಲ್ಲಾ ಟೀ ಕುಡ್ಸಿ ಕೂರ್ಸಿದ್ದೆ."

"ನೀವು ಗಡಿಯಾರ ತಿರುಗಿಸಿದಾಗೆಲ್ಲ ಎಲ್ಲಾ ಊರಲ್ಲೂ ಕಂಪ್ಯೂಟರ್ ನಿಲ್ಲತ್ತೆ. ಅದು ಗೊತ್ತಿರಲಿಲ್ವಾ?"

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಅದು ನನ್ನಿಂದ್ಲಾ? ನಾನು ರಾಹುಕಾಲ ಅಲ್ವಾ, ಕಂಪ್ಯೂಟ್ರೂ ನಿಂತ್ಕತದೆ ಅಂದ್ಕಂಡಿದ್ದೆ. ಇವ್ರಿಗೂ ಅಂಗೇ ಏಳಿದ್ದೆ."

ಬೋರಣ್ಣ ಹೌದೆಂದು ತಲೆಯಾಡಿಸಿದ. ಚಾಲಕರ ನಂಬಿಕೆ ದಿನೇದಿನೇ ಗಟ್ಟಿಯಾಗಲು ನನ್ನ ಸಾಫ್ಟ್‌ವೇರೇ ಪುರಾವೆ ಒದಗಿಸುತ್ತಿತ್ತು. ರಾಹುಕಾಲದಲ್ಲಿ ಕಂಪ್ಯೂಟರೇ ಕೆಲಸ ಮಾಡುವುದಿಲ್ಲ ಎಂದಮೇಲೆ ಮನುಷ್ಯ ಲಾರಿ ಓಡಿಸುತ್ತಾನೆಯೇ?

ತೂಕದ ಕಂಪ್ಯೂಟರಿನಲ್ಲಿ ಒಂದು ನಲವತ್ತೈದು. ಗೇಟಿನ ಚೀಟಿಯಲ್ಲಿ ಒಂದೂ ಇಪ್ಪತ್ತೆರಡು. ಲಾರಿ ತೂಕವಾಗುವ ಮೊದಲೇ ಹೊರಟುಬಿಟ್ಟಿತ್ತು. ನನ್ನ ಕ್ವೆರಿ ಪ್ರಾಮಾಣಿಕವಾಗಿ ಅಂಥ ತೂಕವೇ ಇಲ್ಲ ಎಂದಿತ್ತು. ನಾನು ನೂರು ಸಲ ಓದಿ ಬೈದಿದ್ದ ಆ ಸಾಲುಗಳ ಬಳಿ ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಹೊರಡುವಾಗ ಪುಟ್ಟಸ್ವಾಮಣ್ಣ ಬಾಗಿಲವರೆಗೆ ಬಂದರು. "ಮೇಡಂ, ಇನ್ನೆರಡು ವರ್ಷಕ್ಕೆ ರಿಟೈರ್ಡ್ ಆಯ್ತೀನಿ. ನನ್ನ ಎಸ್ರು ಬರೀತೀರಾ?"

"ಇನ್ನೂ ಗೊತ್ತಿಲ್ಲ," ಎಂದೆ. ಅದು ಕಠಿಣವಾಗಿ ಕೇಳಿಸಿತೆಂದು ಬಸ್ಸಿನಲ್ಲಿ ಕುಳಿತ ಮೇಲೆ ಅನ್ನಿಸಿತು. ಆದರೆ ಗೊತ್ತಿರಲಿಲ್ಲ. ನನಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಗುಣವಲ್ಲ, ಅಸಾಮರ್ಥ್ಯ, ಕಿವಿ ಕೆಂಪಾಗುತ್ತದೆ. ನಿಜ ಹೇಳಿದರೆ ಅವರು ಮನೆಗೆ. ಹೇಳದಿದ್ದರೆ ನಾವು ಮೂವರು.

ಸಂಜೆ ನಮ್ಮ ಬೀದಿಗೆ ತಿರುಗಿದಾಗ ಪಕ್ಕದ ಮನೆಯ ಜಗುಲಿಯ ಮೇಲೆ ಅಪ್ಪನ ಚೀಲ ಕಂಡಿತು. ಖಾಕಿ ಬಣ್ಣದ ಅದೇ ಚೀಲ, ಮೇಲೊಂದು ಮಡಿಸಿದ ಪಂಚೆ. ಮರುದಿನ ಶುಕ್ರವಾರ ಅಪ್ಪ ಮೈಸೂರಿಗೆ ಹೊರಡುವವರಿದ್ದರು. ಅವರ ರೈಲಿನ ಹೊತ್ತು ಸರಿಯಾಗಿ ರಾಹುಕಾಲದಲ್ಲಿ. ಅದಕ್ಕೇ ಹಿಂದಿನ ದಿನವೇ ಒಳ್ಳೆಯ ಗಳಿಗೆ ನೋಡಿ ಪ್ರಸ್ಥಾನ ಇಟ್ಟಿದ್ದರು. ಹೊರಡುವ ಹೊತ್ತು ನಮ್ಮ ಕೈಯಲ್ಲಿಲ್ಲದಾಗ ನಮ್ಮ ಸಾಮಾನನ್ನು ಮುಂಚೆಯೇ ಹೊಸ್ತಿಲು ದಾಟಿಸಿ ಬೇರೆ ಮನೆಯಲ್ಲಿ ಇಡುವುದು. ಸಾಮಾನು ಹೊರಟಾಗಲೇ ನಾವೂ ಹೊರಟಂತೆ. ಆಮೇಲೆ ಯಾವ ರೈಲಾದರೂ ಹತ್ತಬಹುದು. ಹುಟ್ಟಿದಾಗಿನಿಂದ ನೋಡಿದ ಚೀಲ. ಅಂದು ಬೀದಿಯಲ್ಲೇ ನಿಂತು ಅದನ್ನು ನೋಡುತ್ತಿದ್ದೆ. ಪಕ್ಕದ ಮನೆಯವರು ಹೊರಗೆ ಬಂದು "ಏನಮ್ಮ, ಚೀಲ ಬೇಕಿತ್ತಾ?" ಎಂದು ಕೇಳಿದರು. ಬೇಡ ಎಂದೆ. ಬೇಕಾದದ್ದು ಸಿಕ್ಕಿತ್ತು.

ಶುಕ್ರವಾರ ಬೆಳಿಗ್ಗೆಯೇ ಹಾಸನಕ್ಕೆ ಹೋಗಿ ಪ್ರೋಗ್ರಾಮಿನಲ್ಲಿ ಎರಡು ಬದಲಾವಣೆ ಮಾಡಿದೆ. ಒಂದು, ಎಲ್ಲ ಕಂಪ್ಯೂಟರ್‌ಗಳೂ ಮುಖ್ಯ ಯಂತ್ರದ ಗಡಿಯಾರವನ್ನೇ ಓದಬೇಕು. ಗೇಟಿನ ಗಡಿಯಾರವನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಎರಡು, ಗೇಟ್ ಚೀಟಿಗೆ ಎರಡು ಸಮಯ. ಲಾರಿಯ ನಂಬರು, ಹೋಗುವ ಊರು ಇಷ್ಟು ಗೊತ್ತಿದ್ದರೆ ಮುಂಚೆಯೇ ಚೀಟಿ ತೆರೆಯಬಹುದು. ಕಾಗದದ ಮೇಲೆ ಅಚ್ಚಾಗುವುದು ಆ ಸಮಯ. ಲಾರಿ ತುಂಬಿ, ತೂಗಿ, ಗೇಟು ದಾಟುವಾಗ ಒಂದು ಗುಂಡಿ ಒತ್ತಿದರೆ ಹೊರಟ ಸಮಯ ಒಳಗೆ ದಾಖಲಾಗುತ್ತದೆ. ತೂಕವನ್ನು ಹುಡುಕುವ ಕ್ವೆರಿ ನೋಡುವುದು ಈ ಎರಡನೆಯದನ್ನು.

ಮಧ್ಯಾಹ್ನ ಚನ್ನರಾಯಪಟ್ಟಣಕ್ಕೆ ಹೋಗಿ ಪುಟ್ಟಸ್ವಾಮಣ್ಣನಿಗೆ ತೋರಿಸಿದೆ. "ರಾಹುಕಾಲಕ್ಕೆ ಮುಂಚೆ ತೆರೀರಿ. ಲಾರಿ ಯಾವಾಗ ಬೇಕಾದರೂ ಹೋಗಲಿ. ಹೋಗೋವಾಗ ಈ ಗುಂಡಿ."

ಅವರು ಒಂದೇ ಬೆರಳಿನಲ್ಲಿ ಗುಂಡಿಯನ್ನು ಒಮ್ಮೆ ಮುಟ್ಟಿ ನೋಡಿದರು. "ಪರಸ್ತಾನ ಇಟ್ಟಂಗೆ," ಎಂದರು.

"ಹೌದು. ಯಾರಿಗೂ ಹೇಳಬೇಡಿ."

"ನಾಳೆ ಎಷ್ಟೊತ್ಗೆ ಮೀಟಿಂಗು?"

"ಒಂಬತ್ತೂವರೆಗೆ."

ಅವರು ಗೋಡೆಯ ಕ್ಯಾಲೆಂಡರ್ ಕಡೆ ಒಮ್ಮೆ ನೋಡಿದರು.

ಶನಿವಾರ ಮೋಹನ್ ಸರ್ ನನ್ನ ವರದಿ ಓದಿದರು. ಅರ್ಧ ಪುಟ. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ.

"ಗೇಟಿನ ಗಡಿಯಾರಕ್ಕೂ ತೂಕದ ಗಡಿಯಾರಕ್ಕೂ ಹೊಂದಾಣಿಕೆ ಇರಲಿಲ್ಲ. ಸರಿ. ಯಾಕೆ ಇರಲಿಲ್ಲ?"

"ಗೇಟಿನದು ದಿನದಲ್ಲಿ ಒಂದು ಹೊತ್ತು ಹಿಂದೆ ಬೀಳುತ್ತಿತ್ತು ಸರ್."

"ತಾನಾಗಿಯೇ?"

ನನ್ನ ಕಿವಿ ಬಿಸಿಯಾಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಶೇಷಾದ್ರಿ ಸರ್ ಕೆಮ್ಮಿದರು.

"ಹಳೇ ಬ್ಯಾಟರಿ, ಸರ್. ಆ ಮದರ್‌ಬೋರ್ಡುಗಳೇ ಹಾಗೆ. ಬದಲಾಯಿಸಿದ್ದೇವೆ."

ಮೋಹನ್ ಸರ್ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ವರದಿಯ ಎರಡನೇ ಭಾಗಕ್ಕೆ ಬಂದರು. ಲಾರಿ ಹೊರಡುವ ಮುಂಚೆಯೇ ಎಲ್ಲಿಗೆ ಯಾವ ಲಾರಿ ಬರುತ್ತದೆ ಎಂದು ಎಲ್ಲ ಊರಿಗೂ ತಿಳಿಯುತ್ತದೆ ಎಂಬುದು ಅವರಿಗೆ ಬಹಳ ಹಿಡಿಸಿತು. "ಇದಕ್ಕೇನು ಹೆಸರು?" ಎಂದರು. "ಪ್ರೀ-ಡಿಸ್ಪ್ಯಾಚ್ ಅಂತ ಇಡೋಣ," ಎಂದು ಅವರೇ ಇಟ್ಟರು. ವಿಭಾಗವೂ ಉಳಿಯಿತು, ಪುಟ್ಟಸ್ವಾಮಣ್ಣನೂ ಉಳಿದರು. ಬೆಂಗಳೂರಿನ ಯಾವುದೋ ಸಭೆಯಲ್ಲಿ ಮೋಹನ್ ಸರ್ ತಮ್ಮ ಪ್ರೀ-ಡಿಸ್ಪ್ಯಾಚ್ ಬಗ್ಗೆ ಮಾತಾಡಿ ಚಪ್ಪಾಳೆ ಪಡೆದರೆಂದು ಕೇಳಿದೆ. ಸುಬ್ಬತ್ತೆಗೆ ಹೇಳಿದೆ. "ಪಾಪ, ತಿಳೀದೆ ಒಳ್ಳೇದು ಮಾಡಿದಾನೆ," ಎಂದರು.

ಮೀಟಿಂಗ್ ಮುಗಿಸಿ ಮೆಟ್ಟಿಲಿಳಿಯುವಾಗ ಶೇಷಾದ್ರಿ ಸರ್ ಅವರನ್ನು ಕೇಳಿದ್ದೆ, ಯಾವ ಬ್ಯಾಟರಿ ಎಂದು.

"ನಮ್ಮನೇಲೂ ಕ್ಯಾಲೆಂಡರ್ ಇದೆಯಮ್ಮ. ನಿನ್ನ ಪಟ್ಟಿ ಮೇಜಿನ ಮೇಲೇ ಬಿದ್ದಿತ್ತು." ಇಳಿಯುತ್ತಾ ಹೇಳಿದರು, "ಶನಿವಾರ ಒಂಬತ್ತೂವರೆ ಅಂದಾಗಲೇ ನನಗೆ ಕೈಕಾಲು ತಣ್ಣಗಾಗಿತ್ತು. ಅದು ಹೇಗೆ ಬಚಾವಾದೆವೋ."

ದೋಷ ಮತ್ತೆ ಬರಲಿಲ್ಲ. ಪ್ರಸ್ಥಾನ ಇಟ್ಟ ಮೇಲೆ ಕಂಪ್ಯೂಟರಿಗೆ ಹಿಡಿದಿದ್ದ ರಾಹು ಬಿಟ್ಟ ಎಂದು ಬೋರಣ್ಣ ಊರೆಲ್ಲ ಹೇಳಿದ. ನಾನು ತಿದ್ದಲು ಹೋಗಲಿಲ್ಲ. ಪುಟ್ಟಸ್ವಾಮಣ್ಣ ಎರಡು ವರ್ಷ ಮುಗಿಸಿ, ಹಾರ ಹಾಕಿಸಿಕೊಂಡು, ದುದ್ದಕ್ಕೆ ಹೋಗಿ ಎರಡು ಹಸು ಕಟ್ಟಿಕೊಂಡರು.

ನನ್ನ ಸರದಿ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಕಂಪನಿಯನ್ನು ಕೊಂಡವರು ತಮ್ಮದೇ ಸಾಫ್ಟ್‌ವೇರ್ ತಂದರು. ನಮ್ಮ ಹಳೆಯ ಮಾಹಿತಿಯನ್ನೆಲ್ಲ ಅದಕ್ಕೆ ಸಾಗಿಸಲು ಬೆಂಗಳೂರಿನಿಂದ ಒಬ್ಬ ಇಂಜಿನಿಯರ್ ಬಂದರು. ನಾನು ಎಲ್ಲ ಒಪ್ಪಿಸಿ, ಬಿಡುಗಡೆಯ ಪತ್ರಕ್ಕೆ ಸಹಿ ಹಾಕಬೇಕಿತ್ತು. ಕೊನೆಯ ದಿನ ಮಧ್ಯಾಹ್ನ ಆ ಇಂಜಿನಿಯರ್ ನನ್ನ ಮೇಜಿಗೆ ಬಂದರು.

"ಮೇಡಂ, ಒಂದೇ ಒಂದು ಸಾಲು ಸಾಗ್ತಿಲ್ಲ. ಕ್ವೆರಿ ಎರರ್ ಬರ್ತಿದೆ. ಚೀಟಿ ತೆರೆದಿದಾರೆ, ಮುಚ್ಚಿಲ್ಲ. ವರ್ಷಗಟ್ಟಲೆ ಹಳೇದು. ಡಿಲೀಟ್ ಮಾಡ್ಲಾ?"

ನನಗೆ ನಾಚಿಕೆಯಾಯಿತು. ಮುಚ್ಚದ ಚೀಟಿಗಳ ಪಟ್ಟಿಯನ್ನು ನಾನು ಪ್ರತಿ ತಿಂಗಳೂ ತೆಗೆಯುತ್ತಿದ್ದೆ. ಆದರೆ ನನ್ನ ಕ್ವೆರಿ ತೂಕದ ಸೇತುವೆ ಹತ್ತಿದ ವಾಹನಗಳನ್ನಷ್ಟೇ ನೋಡುತ್ತಿತ್ತು. ಇದು ಹತ್ತಿರಲೇ ಇಲ್ಲ. ಎದ್ದು ಹೋಗಿ ಅವರ ಪರದೆ ನೋಡಿದೆ. ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೇ ಬೆರಳಿನಲ್ಲಿ ಗುದ್ದಿದ ಕಾಗುಣಿತದಲ್ಲಿ ಹೀಗಿತ್ತು:

ವಾಹನ: ಕ್ವೆರಿ ಮೇಡಂ. ಹೋಗುವ ಊರು: ಹಾಸನ, ಮೀಟಿಂಗ್. ಚೀಟಿ ತೆರೆದ ಸಮಯ: ಶನಿವಾರ, ಬೆಳಿಗ್ಗೆ ಎಂಟು ಐವತ್ತೊಂದು. ಹೊರಟ ಸಮಯ: ಖಾಲಿ.

"ಯಾರೋ ತಮಾಷೆಗೆ ಟೆಸ್ಟ್ ಎಂಟ್ರಿ ಹಾಕಿರ್ಬೇಕು," ಎಂದರು ಇಂಜಿನಿಯರ್.

"ಅಲ್ಲ," ಎಂದೆ. ಶನಿವಾರದ ರಾಹುಕಾಲ ಒಂಬತ್ತಕ್ಕೆ ಶುರು. "ಡಿಲೀಟ್ ಬೇಡ. ಮುಚ್ಚಿಕೊಡ್ತೀನಿ."

ಅವರ ಕುರ್ಚಿಯಲ್ಲಿ ಕುಳಿತು, ತೂಕ ಹುಡುಕುವ ಕ್ವೆರಿಯನ್ನು ಬದಿಗಿಟ್ಟು ಗುಂಡಿ ಒತ್ತಿದೆ. ಹೊರಟ ಸಮಯ ತಾನೇ ತುಂಬಿಕೊಂಡಿತು: ಗುರುವಾರ, ಮಧ್ಯಾಹ್ನ ಎರಡೂ ಹತ್ತು. ಒಂದೂವರೆಯಿಂದ ಮೂರು, ನಡುಮಧ್ಯದ ರಾಹುಕಾಲ. ಪ್ರಸ್ಥಾನಕ್ಕೆ ಇಷ್ಟು ವರ್ಷದ ಬಾಳಿಕೆ ಯಾವ ಶಾಸ್ತ್ರದಲ್ಲೂ ಇಲ್ಲ ಎಂದು ಅಪ್ಪ ಹೇಳಿಯಾರು. ಆದರೆ ಪ್ರೋಗ್ರಾಂ ಬರೆದವಳು ನಾನು. ಅವಧಿ ಹಾಕುವುದನ್ನು ಮರೆತಿದ್ದೆ. ಕ್ಯಾಲೆಂಡರ್ ಕಡೆ ನೋಡದೆ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದೆ.